ಫಾರ್ಮ್ಯಾಟ್ ಹೊಡೀಬೇಕು ಸಾರ್

ಮಿಕ್ಸಿ ಕೆಟ್ಟರೆ ಮಿಕ್ಸಿ ಕೆಟ್ಟಿತು ಎನ್ನುತ್ತೇವೆ. ಟಿವಿ ಕೆಟ್ಟರೆ ಕೇಬಲ್‌ನವನನ್ನು ಬೈಯುತ್ತೇವೆ. ಕಂಪ್ಯೂಟರ್ ಮಾತ್ರ ತಾನಾಗಿ ಕೆಡುವಂತಿಲ್ಲ. ಮನೆಯವರೇ ಯಾರೋ ಕೆಡಿಸಿರಬೇಕು. ಪರದೆ ನೀಲಿಯಾಯಿತೋ, ಒಳಮನೆಯಿಂದ ಜಗಲಿಯವರೆಗೆ ಒಂದೇ ಪ್ರಶ್ನೆ: "ಯಾರು, ಏನು ಒತ್ತಿದ್ರಿ?" ಈ ಪ್ರಶ್ನೆ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕೀಬೋರ್ಡ್ ತುಂಬ ನೂರಕ್ಕೂ ಹೆಚ್ಚು ಕೀಲಿ ಇಟ್ಟಿದ್ದಾರೆ. ಒತ್ತದೆ ಆರತಿ ಎತ್ತಬೇಕಿತ್ತೆ?

ನಮ್ಮ ಮನೆಯಲ್ಲಿ ತೀರ್ಪುಗಳಿಗೆ ಬರವಿರಲಿಲ್ಲ. ಅಪ್ಪನ ಪ್ರಕಾರ ಎಲ್ಲಕ್ಕೂ ಕಾರಣ ತಮ್ಮ ತರುತ್ತಿದ್ದ ಗೇಮ್ ಸಿಡಿಗಳು. ತಮ್ಮನ ಪ್ರಕಾರ, ಶಟ್‌ಡೌನ್ ಮಾಡದೆ ನೇರ ಯುಪಿಎಸ್ಸನ್ನೇ ಆರಿಸುವ ಅಪ್ಪ. ಚಿಕ್ಕಪ್ಪ ಊಟಕ್ಕೆ ಬಂದಾಗೆಲ್ಲ "ವೈರಸ್" ಎಂದು ಹೇಳಿ ಕೈ ತೊಳೆಯಲು ಏಳುತ್ತಿದ್ದರು. ಅಜ್ಜಿ ಮಾತ್ರ ಕಂಪ್ಯೂಟರಿನ ನೆತ್ತಿ ಮುಟ್ಟಿ ನೋಡಿ, "ಕಾದು ಕೆಂಡ ಆಗಿದೆ, ಸ್ವಲ್ಪ ಆರಲಿ ಬಿಡ್ರೋ" ಎನ್ನುತ್ತಿದ್ದಳು. ಅಜ್ಜಿಯ ಮಾತನ್ನು ಯಾರು ಕೇಳುತ್ತಾರೆ?

ಪೇಟೆಯಿಂದ ರಿಪೇರಿ ಹುಡುಗ ಬಂದ. ಅವನಿಗೆ ಗೊತ್ತಿದ್ದದ್ದು ಒಂದೇ ಮದ್ದು. ಕುರ್ಚಿ ಎಳೆದು ಕೂರುವ ಮೊದಲೇ, "ಫಾರ್ಮ್ಯಾಟ್ ಹೊಡೀಬೇಕು ಸಾರ್." ಹೊಡೆದ. ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ಮತ್ತೆ ಬಂತು, ನಾವೂ ನಂಬಿದೆವು. ಫೈಲುಗಳೆಲ್ಲ ಡಿ ಡ್ರೈವಿನಲ್ಲಿ ಸುರಕ್ಷಿತ ಎಂದು ಅವನು ದುಡ್ಡು ತೆಗೆದುಕೊಂಡು ಹೋದ.

ಸುರಕ್ಷಿತವಾಗಿಯೇ ಇದ್ದವು. ಅಪ್ಪ ನಿವೃತ್ತರಾದ ಮೇಲೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಹಸೆಹಾಡುಗಳನ್ನು ಟೈಪ್ ಮಾಡಿಡುತ್ತಿದ್ದರು. ಅಜ್ಜಿ ಬಿಡಿಸಿ ಹೇಳಲಾರಳು. ಹಾಡಿದರೇ ಸಾಲು ಬರುವುದು. ಅಪ್ಪ ಅರ್ಧ ಸಾಲು ಟೈಪ್ ಮಾಡುವಷ್ಟರಲ್ಲಿ ಹಾಡು ಮುಗಿದು ಹೆಣ್ಣನ್ನು ಹಸೆಗೆ ಕರೆದಾಗಿರುತ್ತಿತ್ತು. ಮತ್ತೆ ಮೊದಲಿನಿಂದ. ಹಾಗೆ ಕೂಡಿಟ್ಟ ಹಾಡುಗಳ ಫೈಲು ತೆರೆದರೆ ಒಂದಕ್ಷರ ಕನ್ನಡವಿಲ್ಲ. 'ಕ' ಇದ್ದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ಅದಕ್ಕೆ ಅಂಟಿಕೊಂಡು ತಲೆಯ ಮೇಲೆ ಓರೆ ಗೀಟು ಹೊತ್ತ 'ಎ'. ಪುಟಗಟ್ಟಲೆ ಹೀಗೇ. ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಚಿಕ್ಕಪ್ಪ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ, ಪುಣ್ಯ.

ನಿಜವೆಂದರೆ ಆ ಫೈಲಿನೊಳಗೆ ಕನ್ನಡ ಎಂದೂ ಇರಲೇ ಇಲ್ಲ. ಅಂದಿನ ನುಡಿ, ಬರಹ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ಕಟ್ಟುತ್ತಿದ್ದವು. ಫಾರ್ಮ್ಯಾಟ್‌ನಲ್ಲಿ ಫಾಂಟ್ ಹೋಯಿತು. ಯಕ್ಷಗಾನದ ಮಹಿಷಾಸುರ ಚೌಕಿಯಲ್ಲಿ ಬಣ್ಣ ತೊಳೆದು ಬೀಡಿ ಹಚ್ಚಿ ಕೂತಂತಾಯಿತು. ಹಾಗೆಂದು ಅವುಗಳನ್ನು ಹಳಿಯಲಾರೆ. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು, ಸರಿ. ಆದರೆ ಮನೆಮನೆಯ ಕಂಪ್ಯೂಟರಿಗೆ ಅದು ಬಂದು ಮುಟ್ಟಬೇಕಲ್ಲ. ಅಲ್ಲಿಯವರೆಗೆ 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ಅಪ್ಪನಂಥವರು ಒಂದು ಸಾಲೂ ಬರೆಯುತ್ತಿರಲಿಲ್ಲ. ಕೆ.ಪಿ. ರಾವ್ ರೂಪಿಸಿದ ನುಡಿಯ ಕೀಲಿಮಣೆಯನ್ನು ಅಪ್ಪ ವಾರದೊಳಗೆ ಕಲಿತರು. ಹಾರ್ಮೋನಿಯಂ ಕಲಿಯಲು ಹೋಗಿ ಬಿಟ್ಟವರು ಅವರು.

ನುಡಿಯ ಸಿಡಿ ಹುಡುಕಿ ಮತ್ತೆ ಹಾಕಿದ ಮೇಲೆ ಹಾಡುಗಳೇನೋ ಬಂದವು. ಇತ್ತೀಚೆಗೆ ಮೊಬೈಲಿನಲ್ಲಿ ಎಲ್ಲರಿಗೂ ಕಳಿಸೋಣವೆಂದು ಯುನಿಕೋಡ್‌ಗೆ ಬದಲಾಯಿಸಿದೆ. ಯಾವುದೋ ಪರಿವರ್ತಕಕ್ಕೆ ಅರ್ಕಾವತ್ತು ಅರ್ಥವಾಗಲಿಲ್ಲ. ಸೂರ್ಯ 'ಸೂಯರ್' ಆಗಿದ್ದ. ಕಲ್ಯಾಣಪತ್ರಿಕೆಗಳಲ್ಲಿ, ಫ್ಲೆಕ್ಸುಗಳಲ್ಲಿ 'ಕಾಯರ್ಕ್ರಮ' ನೋಡಿ ನಕ್ಕವನು ನಾನು. ಅಜ್ಜಿಯ ಹಾಡಿನಲ್ಲಿ ಸೂರ್ಯ ಹೀಗೆ ಕಾಲು ಮುರಿದುಕೊಂಡು ಬಂದಾಗ ನಗು ಬರಲಿಲ್ಲ. ಕೇಳಿ ತಿದ್ದೋಣವೆಂದರೆ ಅಜ್ಜಿ ಇಲ್ಲ.

ಇತ್ತ ಕಂಪ್ಯೂಟರ್? ಫಾರ್ಮ್ಯಾಟ್ ಆದ ವಾರಕ್ಕೇ ಮತ್ತೆ ನೀಲಿ. ಈ ಸಲ ಬಂದವನು ಬೇರೆ ಹುಡುಗ, ಮಾತು ಕಡಿಮೆ. ಪಕ್ಕದ ತಗಡು ಬಿಚ್ಚಿ, ರ‍್ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಆಮೇಲೆ ಟಾರ್ಚ್ ಹಿಡಿದು, ಪೆನ್ನಿನ ತುದಿಯಲ್ಲಿ ಮದರ್‌ಬೋರ್ಡಿನ ಒಂದು ಮೂಲೆ ತೋರಿಸಿದ. ಪ್ರೊಸೆಸರಿನ ಬಳಿ ಸಾಲಾಗಿ ನಿಂತ ಪುಟ್ಟ ಕೆಪಾಸಿಟರ್ ಡಬ್ಬಿಗಳು. ಮಟ್ಟಸವಾಗಿರಬೇಕಾದ ತಲೆ ಉಬ್ಬಿ, ಗೀರಿದ್ದ ಕತ್ತರಿ ಗುರುತು ಬಿರಿದು, ಕಂದು ಅಂಟು ಒಸರಿತ್ತು. 2000ದ ಆಸುಪಾಸಿನ ಕೆಲವು ವರ್ಷ ಜಗತ್ತಿನಾದ್ಯಂತ ಹೀಗೆ ಬೋರ್ಡುಗಳು ಸತ್ತವು: ಒಳಗಿನ ದ್ರಾವಣ ಕಳಪೆ, ಅದು ಅಲ್ಯೂಮಿನಿಯಮ್ಮಿನ ಜೊತೆ ಸೇರಿ ಗ್ಯಾಸ್ ಕಟ್ಟಿಸುತ್ತಿತ್ತು. ಅಪ್ಪನಾಗಲಿ ತಮ್ಮನಾಗಲಿ ಏನು ಒತ್ತಿದ್ದರೂ ಅದಾಗುತ್ತಿರಲಿಲ್ಲ. ಬಿಸಿ ಮಾತ್ರ ಅದನ್ನು ಬೇಗ ಮುಗಿಸುತ್ತದೆ. 10 ಡಿಗ್ರಿ ಹೆಚ್ಚಾದರೆ ಕೆಪಾಸಿಟರಿನ ಆಯುಷ್ಯ ಅರ್ಧ ಎಂಬುದು ಎಂಜಿನಿಯರುಗಳ ಅಂದಾಜು. ಅಜ್ಜಿ ಕೈಯಲ್ಲಿ ಮುಟ್ಟಿ ಕಂಡುಕೊಂಡಿದ್ದಳು.

ಬೋರ್ಡ್ ಬದಲಾಯಿಸಬೇಕೆಂದ ಹುಡುಗ ಎದ್ದು, ಧೂಳು ತಾಗದಿರಲೆಂದು ಅಮ್ಮ ಸಿಪಿಯುಗೆ ಹೊಲಿದು ತೊಡಿಸಿದ್ದ ನೆರಿಗೆಯ ಹೊದಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಗಾಳಿ ಆಡಲ್ಲ. ಮೊದಲು ಈ ಲಂಗ ತೆಗೀರಿ."

ಅಮ್ಮ ಅವನಿಗೆ ಕಾಫಿ ಕೊಡಲಿಲ್ಲ.