ಮುದ್ದೆ ಅಗಿಯೋಕಾಗುತ್ತಾ ಡಾಕ್ಟ್ರೇ?

ಡಾಕ್ಟರು ಬಿಳಿ ಹಾಳೆ ಮೇಲೆ ನನ್ನ ಜಠರದ ಚಿತ್ರ ಬರೆದರು. ಥೇಟು ಗೋಡಂಬಿ ಥರ ಇತ್ತು. ಮೇಲಿಂದ ಕೆಳಕ್ಕೆ ಒಂದು ಗೀಟು ಎಳೆದು, "ಈ ಕಡೆದು ತೆಗೀತೀವಿ, ಈ ಕಡೆದು ಉಳಿಸ್ತೀವಿ" ಅಂದರು. ತೆಗೆಯೋದು ಮುಕ್ಕಾಲು ಪಾಲು. ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದರಲ್ಲಿ ಹಿಡಿಯೋದು 100ರಿಂದ 150 ಎಂಎಲ್ ಅಷ್ಟೇ.

"ಆಮೇಲೆ ಪ್ರತಿ ತುತ್ತನ್ನೂ 25-30 ಸಲ ಅಗಿದು ನುಂಗಬೇಕು. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ. ಏನಾದ್ರೂ ಡೌಟ್ಸ್ ಇದೆಯಾ?"

ಮೂರು ಪುಟ ಡೌಟ್ಸ್ ಬರೆದುಕೊಂಡು ಹೋಗಿದ್ದೆ. ಎಕ್ಸೆಲ್ ಶೀಟಲ್ಲಿ, ಪ್ರಯಾರಿಟಿ ಕಾಲಂ ಸಮೇತ. ಆದರೆ ಬಾಯಿಂದ ಬಂದದ್ದು ಶೀಟಲ್ಲಿ ಇಲ್ಲದ ಪ್ರಶ್ನೆ: "ಮುದ್ದೆ ಅಗಿಯೋಕಾಗುತ್ತಾ ಡಾಕ್ಟ್ರೇ?"

ಪಕ್ಕದಲ್ಲಿದ್ದ ಹೆಂಡತಿ ತಲೆ ತಗ್ಗಿಸಿದಳು. ಡಾಕ್ಟರು ನಕ್ಕರು. "ನಾನೂ ಮಂಡ್ಯ ಕಡೆಯವನೇ ಕಣ್ರೀ. ಮುದ್ದೆ ಅಗಿಯೋನು ನಮ್ಮೂರಲ್ಲಿ ಒಬ್ಬನೂ ಸಿಗಲ್ಲ. ಅದಕ್ಕೇ ಹೇಳ್ತಿದೀನಿ, ಮೊದಲ ಕೆಲವು ತಿಂಗಳು ಅದನ್ನ ಮರೆತುಬಿಡಿ."

ಮುದ್ದೆ ಉಣ್ಣದವರಿಗೆ ಈ ಸಂಕಟ ಅರ್ಥ ಆಗೋದು ಕಷ್ಟ. ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ, ಹಾಗೇ ನುಂಗಬೇಕು. ಹಲ್ಲಿಗೆ ತಾಗಿಸಿದರೆ ಅಂಟಿಕೊಂಡು ಕೂರುತ್ತೆ. ನನ್ನ ಹೆಂಡತಿ ಮದುವೆಯಾದ ಹೊಸತರಲ್ಲಿ ಅಗಿದಿದ್ದಳು. ನಮ್ಮ ಚಿಕ್ಕಮ್ಮ ಇವತ್ತಿಗೂ ಅದನ್ನ ಹೇಳಿಕೊಂಡು ನಗ್ತಾರೆ. ಅವ್ವ ಬೆಂಗಳೂರಿಗೆ ಬಂದಿದ್ದಾಗ ಅವಳ ಒಂದು ಮುದ್ದೆಯನ್ನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೆ. 340 ಗ್ರಾಂ. ಅಂದರೆ ಅವ್ವನ ಒಂದು ಮುದ್ದೆ ನನ್ನ ಹೊಸ ಜಠರದ ಎರಡರಷ್ಟಕ್ಕಿಂತ ದೊಡ್ಡದು. ನಮ್ಮನೇಲಿ ಒಂದೇ ಮುದ್ದೆ ಉಂಡು ಎದ್ದರೆ "ಯಾಕ್ಲಾ, ಮೈಗ್ ಹುಷಾರಿಲ್ವಾ?" ಅಂತ ಕೇಳ್ತಾರೆ.

ನಾನು ಹುಟ್ಟಿನಿಂದ ದಪ್ಪ ಇರಲಿಲ್ಲ. ತುರುವೇಕೆರೆ ಹತ್ತಿರದ ನಮ್ಮೂರಲ್ಲಿ ನನ್ನ ಹೆಸರು "ಕಡ್ಡಿ". ಕೊಬ್ಬರಿ ಮೂಟೆ ತೂಗೋ ತಕ್ಕಡಿಯಲ್ಲಿ ನನ್ನನ್ನ ಕೂರಿಸಿ, "ಒಂದ್ ಮೂಟೆಗೂ ಸಮ ಇಲ್ವಲ್ಲೋ" ಅಂತ ಅಪ್ಪ ನಗುತ್ತಿದ್ದರು. ಬಿಇ ಮುಗಿಸಿ ಬೆಂಗಳೂರಿಗೆ ಬಂದಾಗಲೂ 64 ಕೆಜಿ. ಆಮೇಲೆ ಕೂತು ಮಾಡೋ ಕೆಲಸ, ರಾತ್ರಿ ರಿಲೀಸು, ರಿಲೀಸಿಗೊಂದು ಬಿರಿಯಾನಿ ಅಂತ 78ಕ್ಕೆ ಬಂದೆ. ಅದು ನನ್ನದೇ ತಪ್ಪು, ಒಪ್ಪಿಕೊಳ್ತೀನಿ.

28ನೇ ವಯಸ್ಸಲ್ಲಿ ಒಂದು ಬೆಳಗ್ಗೆ ಬ್ರಷ್ ಹಿಡಿಯೋಕಾಗಲಿಲ್ಲ. ಬೆರಳ ಗಿಣ್ಣುಗಳೆಲ್ಲ ಊದಿದ್ದವು. ಟೈಪಿಂಗ್ ಜಾಸ್ತಿಯಾಗಿರಬೇಕು ಅಂದುಕೊಂಡೆ. ಎರಡು ತಿಂಗಳ ನಂತರ ಗೊತ್ತಾಗಿದ್ದು ರುಮಟಾಯ್ಡ್ ಆರ್ಥ್ರೈಟಿಸ್ ಅಂತ. ನಮ್ಮದೇ ರೋಗನಿರೋಧಕ ವ್ಯವಸ್ಥೆ ನಮ್ಮದೇ ಕೀಲುಗಳ ಮೇಲೆ ದಾಳಿ ಮಾಡೋ ಕಾಯಿಲೆ. ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್, ನೋವು ಕೆರಳಿದಾಗ ನೋವಿನ ಮಾತ್ರೆ, ಅದಕ್ಕೂ ಬಗ್ಗದಿದ್ದಾಗ ಪ್ರೆಡ್ನಿಸೊಲೋನ್, ಅಂದರೆ ಸ್ಟಿರಾಯ್ಡ್. ಅದು ದೇವರಂಥ ಮಾತ್ರೆ. ಎರಡು ದಿನಕ್ಕೆ ಎದ್ದು ಓಡಾಡಿಸುತ್ತೆ. ಆದರೆ ಜೊತೆಗೆ ಒಂದು ಹಸಿವನ್ನ ಕೊಡುತ್ತೆ. ರಾತ್ರಿ ಎರಡು ಗಂಟೆಗೆ ಫ್ರಿಜ್ ಮುಂದೆ ನಿಂತು ತಣ್ಣನೆ ಅನ್ನ ಬೊಗಸೆಯಲ್ಲಿ ತಿಂದಿದ್ದೀನಿ, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು, ಶಬ್ದ ಆಗದ ಹಾಗೆ.

ಈಗ ನನಗೆ 36. ಎತ್ತರ 172 ಸೆಂಟಿಮೀಟರ್, ತೂಕ 114 ಕೆಜಿ, ಬಿಎಂಐ 38.5. ಕೀಲುರೋಗದ ಜೊತೆಗೆ ಸಕ್ಕರೆ ಕಾಯಿಲೆ, ಫ್ಯಾಟಿ ಲಿವರ್, ಎದೆಯುರಿ, ರಾತ್ರಿ ಮಲಗಿದಾಗ ಉಸಿರು ನಿಲ್ಲೋ ಸ್ಲೀಪ್ ಆಪ್ನಿಯಾ. ಮೂಗಿಗೆ ಸಿಪ್ಯಾಪ್ ಮೆಷಿನ್ ಹಾಕಿಕೊಂಡು ಮಲಗ್ತೀನಿ. ಮಗಳಿಗೆ ನಾನು ರಾತ್ರಿ ಹೊತ್ತು ಆನೆ.

ಈ ಕಾಯಿಲೆಗಳು ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಸ್ಟಿರಾಯ್ಡ್ ತಗೊಂಡರೆ ಶುಗರ್ ಏರುತ್ತೆ. ಬಿಟ್ಟರೆ ಮಂಡಿ ಊದುತ್ತೆ. ಮಂಡಿ ಊದಿದರೆ ನಡೆಯೋಕಾಗಲ್ಲ, ನಡೀದಿದ್ರೆ ತೂಕ ಏರುತ್ತೆ. ತೂಕ ಏರಿದರೆ ಲಿವರ್‌ಗೆ ಕೊಬ್ಬು, ಲಿವರ್ ಕೆಟ್ಟರೆ ಮೆಥೊಟ್ರೆಕ್ಸೇಟ್ ಕೊಡೋಕಾಗಲ್ಲ, ಅದು ನಿಂತರೆ ಮತ್ತೆ ಸ್ಟಿರಾಯ್ಡು. ನಾಲ್ಕು ಡಾಕ್ಟರು, ನಾಲ್ಕು ಮಾಡ್ಯೂಲು. ಪ್ರತಿಯೊಬ್ಬರೂ ತಮ್ಮ ಮಾಡ್ಯೂಲನ್ನ ಚೆನ್ನಾಗೇ ನೋಡಿಕೊಳ್ತಾರೆ. ಇಂಟಿಗ್ರೇಷನ್ ಟೆಸ್ಟಿಂಗ್ ಮಾತ್ರ ನನ್ನ ತಲೆಗೆ.

"ಆಪರೇಷನ್ ಅಂದ್ರೆ ಶಾರ್ಟ್‌ಕಟ್ ಅಲ್ವಾ ಮಗಾ? ಸ್ವಲ್ಪ ವಿಲ್‌ಪವರ್ ಇರ್ಬೇಕು" ಅಂತ ಆಫೀಸಲ್ಲಿ ಒಬ್ಬ ಹೇಳಿದ. ಅವನು ಮ್ಯಾರಥಾನ್ ಓಡ್ತಾನೆ. ಅವನ ಮೇಲೆ ಸಿಟ್ಟು ಬರಲಿಲ್ಲ, ಯಾಕಂದರೆ ಅದೇ ಮಾತನ್ನ ಎಂಟು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೀನಿ. ಅನ್ನ ಬಿಟ್ಟಿದ್ದೀನಿ, ರಾತ್ರಿ ಊಟ ಬಿಟ್ಟಿದ್ದೀನಿ, ಲಾಲ್‌ಬಾಗಲ್ಲಿ ಮಂಡಿ ಊದೋ ತನಕ ನಡೆದಿದ್ದೀನಿ. ಎಂಟು ಕೆಜಿ ಇಳೀತಿತ್ತು, ಒಂದು ಸಲ ಕೀಲು ಕೆರಳಿದರೆ ಹತ್ತು ಏರುತ್ತಿತ್ತು. 2025ರ ಮಾರ್ಚಲ್ಲಿ ಮೌಂಜಾರೋ ಇಂಜೆಕ್ಷನ್ ನಮ್ಮ ದೇಶಕ್ಕೂ ಬಂದಾಗ ಅದನ್ನೂ ಕೆಲವು ತಿಂಗಳು ತಗೊಂಡೆ. ಅನೇಕರಿಗೆ ಒಗ್ಗುತ್ತೆ, ನನಗೆ ವಾಂತಿ ನಿಲ್ಲಲಿಲ್ಲ. ಬಿಟ್ಟೆ, ಇಳಿದ ತೂಕ ವಾಪಸ್ ಬಂತು.

ಹಾಗಿದ್ದರೂ ಆಪರೇಷನ್ ವಿಚಾರವನ್ನ ಮುಂದಕ್ಕೆ ಹಾಕ್ತಾನೇ ಇದ್ದೆ. ಈ ವರ್ಷ ಫೆಬ್ರವರಿಯಲ್ಲಿ ಒಂದು ಸಂಜೆ ಮನೆಗೆ ಬಂದು ಸಾಕ್ಸ್ ಬಿಚ್ಚಿದರೆ ಎಡಗಾಲಿನದು ರಕ್ತದಲ್ಲಿ ನೆಂದಿತ್ತು. ಆಫೀಸಿನ ನೋಟಿಸ್ ಬೋರ್ಡಿನ ಪಿನ್ನು ಶೂ ಅಡಿಯಿಂದ ತೂರಿ ಹೆಬ್ಬೆರಳ ಬುಡದಲ್ಲಿ ನೆಟ್ಟುಕೊಂಡಿತ್ತು. ಅದರ ಮೇಲೇ ಇಡೀ ದಿನ ಓಡಾಡಿದ್ದೀನಿ. ನನಗೆ ಗೊತ್ತೇ ಆಗಿಲ್ಲ.

ಅಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು. ತೋಟದಲ್ಲಿ ಮುಳ್ಳು ತುಳಿದದ್ದು ಅವರಿಗೂ ಗೊತ್ತಾಗಿರಲಿಲ್ಲ. ಮೊದಲು ಒಂದು ಬೆರಳು ತೆಗೆದರು, ಆರು ತಿಂಗಳಿಗೆ ಮೊಣಕಾಲಿನ ಕೆಳಗೆ. ಊರುಗೋಲು ಊರಿಕೊಂಡೇ ತೋಟಕ್ಕೆ ಹೋಗುತ್ತಿದ್ದರು. 61ಕ್ಕೆ ಹೋದರು. ಆ ಸಂಜೆ ಬಚ್ಚಲಲ್ಲಿ ಕೂತು ಕಾಲು ತೊಳೆಯುತ್ತಾ ನನಗೆ ಪಿನ್ನು ಚುಚ್ಚಿದ್ದಕ್ಕಿಂತ ನೋವಾಗದೇ ಇದ್ದದ್ದಕ್ಕೆ ಭಯ ಆಯ್ತು. ಮಾರನೇ ದಿನ ಅಪಾಯಿಂಟ್‌ಮೆಂಟ್ ತಗೊಂಡೆ.

ಶಾರ್ಟ್‌ಕಟ್ ಅಂದವನಿಗೆ ಹೇಳಬೇಕು ಅನ್ನಿಸುತ್ತೆ, ಇದು ಎಷ್ಟು ಸುತ್ತಿನ ದಾರಿ ಅಂತ. ಈ ಆಪರೇಷನ್ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸ್ಲೀವ್, ಡಾಕ್ಟರು ಗೀಟು ಎಳೆದು ತೋರಿಸಿದ್ದು. ಹಸಿವಿನ ಹಾರ್ಮೋನು ಗ್ರೆಲಿನ್ ಬಹುಪಾಲು ತಯಾರಾಗೋ ಭಾಗವೇ ಆಚೆ ಹೋಗುತ್ತೆ, ಹಾಗಾಗಿ ಹಸಿವೂ ತಗ್ಗುತ್ತೆ. ಇನ್ನೊಂದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಒಂದು ಪುಟ್ಟ ಚೀಲ ಮಾಡಿ ಅದನ್ನ ನೇರ ಸಣ್ಣಕರುಳಿಗೆ ಜೋಡಿಸ್ತಾರೆ. ಸಕ್ಕರೆ ಕಾಯಿಲೆಗೂ ಎದೆಯುರಿಗೂ ಬೈಪಾಸೇ ವಾಸಿ. ಆದರೆ ಬೈಪಾಸ್ ಆದವರು ನೋವಿನ ಮಾತ್ರೆ ಮುಟ್ಟೋ ಹಾಗಿಲ್ಲ, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತೆ. ಕೀಲುರೋಗದವನು ನೋವಿನ ಮಾತ್ರೆ ಇಲ್ಲದೆ ಬದುಕೋದು ಹೇಗೆ? ಸ್ಲೀವ್‌ನಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ, ಆದರೆ ಎದೆಯುರಿ ಹೆಚ್ಚಾಗಬಹುದು. ಯಾವುದಾದರೂ ಸರಿ, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ರೋಲ್‌ಬ್ಯಾಕ್? ಸ್ಲೀವ್‌ಗಂತೂ ಇಲ್ಲ.

ಇದರ ನಡುವೆ ಇನ್ಶೂರೆನ್ಸ್. ಐಆರ್‌ಡಿಎಐ ನಿಯಮದ ಪ್ರಕಾರ ಬಿಎಂಐ 40 ಇರಬೇಕು, ಅಥವಾ 35ರ ಮೇಲಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯೋ ತೀವ್ರ ಸ್ಲೀಪ್ ಆಪ್ನಿಯಾವೋ ಇರಬೇಕು. ಹಾಗಾಗಿ ಇನ್ಶೂರೆನ್ಸ್‌ನವರಿಗೆ ನನಗೆ ಸಾಕಷ್ಟು ಕಾಯಿಲೆ ಇದೆ ಅಂತ ತೋರಿಸಬೇಕು. ಅರಿವಳಿಕೆ ಡಾಕ್ಟರಿಗೆ ಜಾಸ್ತಿ ಇಲ್ಲ ಅಂತ ತೋರಿಸಬೇಕು. ಒಂದೇ ಫೈಲು, ಎರಡು ವಾದ. ಅರಿವಳಿಕೆ ಡಾಕ್ಟರು ಹೇಳಿದ್ದು: ಎಚ್‌ಬಿಎ1ಸಿ 8ರ ಕೆಳಗೆ ಬರಲಿ. ಕೀಲಿನ ಡಾಕ್ಟರು ಹೇಳಿದ್ದು: ಸ್ಟಿರಾಯ್ಡ್ 5 ಎಂಜಿಗೆ ಇಳಿದು ಮೂರು ತಿಂಗಳು ಅಲ್ಲೇ ನಿಲ್ಲಲಿ, ಇಲ್ಲದಿದ್ದರೆ ಹೊಲಿಗೆ ಕೂಡೋದು ನಿಧಾನ, ಸೋರಿಕೆಯಾಗೋ ಅಪಾಯ ಜಾಸ್ತಿ.

"ಆಪರೇಷನ್ ಆದ್ರೆ ಕೀಲುರೋಗವೂ ತಗ್ಗುತ್ತಾ?" ಅಂತ ಕೇಳಿದೆ. 2015ರಲ್ಲಿ ಬಾಸ್ಟನ್ನಿನ ಡಾಕ್ಟರುಗಳು ನನ್ನಂಥವರ ಮೇಲೆ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಹೇಳಿದರು. ಓದಿದೆ. ಬಹಳ ಜನರಲ್ಲಿ ರೋಗ ತಗ್ಗಿತ್ತು. ಖುಷಿಯಾಗಿ ಮೇಲಕ್ಕೆ ಹೋಗಿ ನೋಡಿದರೆ ಒಟ್ಟು ರೋಗಿಗಳು 53. ನಮ್ಮಲ್ಲಿ 53 ಜನ ಯೂಸರ್ಸ್ ಮೇಲೆ ಟೆಸ್ಟ್ ಮಾಡಿ ಒಂದು ಬಟನ್ನಿನ ಬಣ್ಣವನ್ನೂ ಬದಲಾಯಿಸಲ್ಲ.

ಹೆಂಡತಿಯ ಲೆಕ್ಕ ಬೇರೆ. "ಆಪರೇಷನ್ ಅಪಾಯ ಎಷ್ಟು ಅಂತ ದಿನಾ ಓದ್ತೀರಾ. ಮಾಡಿಸ್ಕೊಳ್ದೇ ಇದ್ರೆ ಎಷ್ಟು ಅಂತ ಒಂದು ದಿನಾನಾದ್ರೂ ಓದಿದೀರಾ?" ಅಂದಳು. ಎಕ್ಸೆಲ್ ಶೀಟಲ್ಲಿ ಆ ಕಾಲಂ ಇರಲಿಲ್ಲ. ಸುಮ್ಮನಿರೋದೂ ಒಂದು ನಿರ್ಧಾರ ಅಂತ ಆಫೀಸಿನ ಮೀಟಿಂಗುಗಳಲ್ಲಿ ಎಷ್ಟೋ ಸಲ ಹೇಳಿದ್ದೀನಿ. ನನ್ನ ಮೈ ವಿಷಯದಲ್ಲಿ ಹೊಳೆದಿರಲಿಲ್ಲ.

ಉಳಿದದ್ದು ಅವ್ವನಿಗೆ ಹೇಳೋದು. ಹೆದರಿದ್ದು ಅದಕ್ಕೇ. ನಮ್ಮ ಕಡೆ ಪ್ರೀತಿಯನ್ನ ಬಾಯಲ್ಲಿ ಹೇಳಲ್ಲ, ತಟ್ಟೆಗೆ ಹಾಕ್ತಾರೆ. ಆ ತಟ್ಟೆಯನ್ನ ಇನ್ನುಮೇಲೆ ಮುಟ್ಟೋಕಾಗಲ್ಲ ಅಂತ ಅವ್ವನಿಗೆ ಹೇಗೆ ಹೇಳೋದು? ಕಳೆದ ತಿಂಗಳು ಊರಿಗೆ ಹೋಗಿದ್ದೆ. ಒಲೆ ಮುಂದೆ ಕೂತಿದ್ದಳು. ಪಿನ್ನಿನ ವಿಷಯದಿಂದ ಶುರು ಮಾಡಿದೆ. ಕೋಲಿಂದ ಹಿಟ್ಟು ತಿರುವುತ್ತಿದ್ದವಳು ನಿಲ್ಲಿಸಿದಳು.

"ತೋರ್ಸು."

ಕಾಲು ಚಾಚಿದೆ. ಗಾಯ ಮಾಯ್ದು ಕಪ್ಪು ಚುಕ್ಕೆ ಮಾತ್ರ ಉಳಿದಿತ್ತು. ಅದನ್ನ ಹೆಬ್ಬೆರಳಲ್ಲಿ ಒತ್ತಿ, "ನೋಯ್ತದಾ?" ಅಂದಳು. ಇಲ್ಲ ಅಂದೆ. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ನಾನೇ ಆಪರೇಷನ್ ವಿಷಯ ಎಲ್ಲ ಹೇಳಿದೆ. ಜಠರ ಕುಯ್ಯೋದು, ಮುದ್ದೆ ಉಣ್ಣೋಕಾಗದೇ ಇರೋದು, ಎಲ್ಲ.

"ಆಮ್ಯಾಕೆ ಏನ್ ತಿಂತೀಯಾ ಮತ್ತೆ?"

"ಮೊದ್ಲು ಎರಡು ವಾರ ಬರೀ ನೀರಾಗಿರೋದು. ಆಮೇಲೆ ನುಣ್ಣಗೆ ಅರೆದಿದ್ದು. ಆಮೇಲೆ ಮೆತ್ತಗಿರೋದು, ಎರಡೆರಡೇ ಚಮಚ. ಕಡೇಗೆ ಗಟ್ಟಿ."

ಅವ್ವ ನನ್ನ ಮುಖ ನೋಡಿದಳು. "ಅಷ್ಟೇಯಾ? ನಿಂಗೆ ಆರ್ ತಿಂಗ್ಳಾಗಿದ್ದಾಗ ಹಂಗೇ ಅಲ್ವೇನ್ಲಾ ತಿನ್ಸಿದ್ದು? ಮೊದ್ಲು ಗಂಜಿ ತಿಳಿ, ಆಮ್ಯಾಕೆ ರಾಗಿ ಸರಿ. ಎಲ್ಡ್ ಚಮ್ಚ ಕುಡುದ್ರೆ ಹೆಚ್ಚು, ತೂ ಅಂತ ಉಗೀತಿದ್ದೆ. ಆಪ್ರೇಷನ್ ದಿನ ಹೇಳು, ಬತ್ತೀನಿ."

ಆವತ್ತು ನನ್ನ ತಟ್ಟೆಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಬಿತ್ತು. ಎದುರಿಗೇ ಕೂತು, "ಅಗೀ ನೋಡಾನ" ಅಂದಳು. ಅಗಿದೆ. ಏಳನೇ ಸಲಕ್ಕೆ ಮೇಲಿನ ದವಡೆಗೆಲ್ಲ ಅಂಟಿಕೊಂಡು ಬಾಯಿ ಬಿಡೋಕಾಗಲಿಲ್ಲ. ಅಪ್ಪ ಹೋದ ಮೇಲೆ ಅವ್ವ ಅಷ್ಟು ನಕ್ಕಿದ್ದನ್ನ ನಾನು ನೋಡಿರಲಿಲ್ಲ.

ಇಷ್ಟು ಬರೆಯೋ ಹೊತ್ತಿಗೆ ಸ್ಟಿರಾಯ್ಡ್ 7.5 ಎಂಜಿಗೆ ಬಂದಿದೆ. ಎಚ್‌ಬಿಎ1ಸಿ 9.1 ಇದ್ದದ್ದು 8.3. ಒಪ್ಪಿಗೆ ಪತ್ರ ಇನ್ನೂ ಫೈಲಲ್ಲೇ ಇದೆ, ಸಹಿ ಹಾಕಿಲ್ಲ. ಹಾಕ್ತೀನಾ ಅಂತ ಕೇಳಿದರೆ ಬಹುಶಃ ಹಾಕ್ತೀನಿ. ಕೀಲು ಇನ್ನೊಂದು ಸಲ ಕೆರಳಿದರೆ ಎಲ್ಲ ಮತ್ತೆ ಮೊದಲಿಂದ. ಸ್ಲೀವೋ ಬೈಪಾಸೋ ಅನ್ನೋದಕ್ಕೆ ಮುಂದಿನ ತಿಂಗಳು ನಾಲ್ಕೂ ಡಾಕ್ಟರು ಒಂದೇ ಕಾಲ್‌ನಲ್ಲಿ ಕೂರಲು ಒಪ್ಪಿದ್ದಾರೆ. ಮೀಟಿಂಗ್ ಇನ್ವೈಟ್ ಕಳಿಸಿದ್ದು ನಾನೇ.

ದಿನಾ ರಾತ್ರಿ ಮಲಗೋ ಮುಂಚೆ ಎರಡೂ ಪಾದ ತಿರುಗಿಸಿ ನೋಡಿಕೊಳ್ತೀನಿ. ನನಗೆ ಬಗ್ಗೋಕಾಗದ ದಿನ ಮಗಳು ಟಾರ್ಚ್ ಬಿಟ್ಟು ನೋಡಿ, "ಏನೂ ಇಲ್ಲ ಅಪ್ಪಾ" ಅಂತ ರಿಪೋರ್ಟ್ ಕೊಡ್ತಾಳೆ. ಆಮೇಲೆ ಆನೆ ಸೊಂಡಿಲು ಹಾಕಿಕೊಂಡು ಮಲಗುತ್ತೆ.