ಒಬ್ಬಳೇ ಆಡಿದ ಅರ್ಧ ಗಂಟೆ

ಧಾರಾವಾಹಿಗಳಲ್ಲಿ ಮಾತಿಗೆ ಬರವಿಲ್ಲ. ಒಬ್ಬರು ಬಾಯಿ ತೆರೆದರೆ ಇನ್ನೊಬ್ಬರು ಅಡ್ಡ ಬಾಯಿ ಹಾಕಬೇಕು, ಬಾಗಿಲ ಮರೆಯಲ್ಲಿ ಮೂರನೆಯವರು ನಿಂತು ಕೇಳಿಸಿಕೊಳ್ಳಬೇಕು. 2008ರ ಜನವರಿ 31ರಂದು ಬಿಬಿಸಿಯ ‘ಈಸ್ಟ್‌ಎಂಡರ್ಸ್’ ಇದನ್ನೆಲ್ಲ ಬದಿಗಿಟ್ಟಿತು. ಅಂದಿನ ಕಂತಿನಲ್ಲಿ ಇದ್ದದ್ದು ಒಬ್ಬ ಮುದುಕಿ ಮತ್ತು ಒಂದು ಟೇಪ್ ರೆಕಾರ್ಡರ್. ಪಾತ್ರದ ಹೆಸರು ಡಾಟ್, ನಟಿ ಜೂನ್ ಬ್ರೌನ್. ಅವರಿಗೆ 81 ತುಂಬಲು ಇನ್ನೆರಡು ವಾರವಷ್ಟೇ ಇತ್ತು.

ನಾನು ಅದನ್ನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಏಕವ್ಯಕ್ತಿ ನಾಟಕಗಳ ಬಗ್ಗೆ ಓದುತ್ತಿದ್ದಾಗ. ನೋಡಿದ ಮೇಲೆ ಈಕೆ ಯಾರೆಂದು ಹುಡುಕುತ್ತಾ ಹೋದೆ.

ಜೂನ್ ಹುಟ್ಟಿದ್ದು 1927ರಲ್ಲಿ, ಇಂಗ್ಲೆಂಡಿನ ಸಫೋಕ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ನೌಕಾಪಡೆಯ ಮಹಿಳಾ ವಿಭಾಗದಲ್ಲಿದ್ದರು. ಆಮೇಲೆ ಓಲ್ಡ್ ವಿಕ್ ನಾಟಕ ಶಾಲೆ. ರಂಗದ ಮೇಲೆ ಲೇಡಿ ಮ್ಯಾಕ್‌ಬೆತ್, ಹೆಡ್ಡಾ ಗ್ಯಾಬ್ಲರ್. ಟಿವಿಯಲ್ಲಿ ಮಾತ್ರ ಚಿಕ್ಕಪುಟ್ಟ ಪಾತ್ರಗಳು. 1985ರಲ್ಲಿ, 58ನೇ ವಯಸ್ಸಿನಲ್ಲಿ, ಆಗಷ್ಟೇ ಶುರುವಾಗಿದ್ದ ಈ ಧಾರಾವಾಹಿಗೆ ಕೆಲವೇ ತಿಂಗಳ ಕೆಲಸಕ್ಕೆಂದು ಬಂದರು. ನಡುವೆ ನಾಲ್ಕು ವರ್ಷ ಬಿಟ್ಟರೆ 2020ರವರೆಗೂ ಇದ್ದರು.

ಡಾಟ್ ಲಾಂಡ್ರಿಯಲ್ಲಿ ದುಡಿಯುವವಳು. ಕೈಯಲ್ಲಿ ಸಿಗರೇಟು, ಬಾಯಲ್ಲಿ ಬೈಬಲ್ಲು, ಜೊತೆಗೆ ಊರವರ ಸುದ್ದಿ. ಹಣಕ್ಕಾಗಿ ಹೆತ್ತವಳಿಗೇ ವಿಷ ಹಾಕಲು ಹೊರಟ ಮಗ ಅವಳಿಗಿದ್ದ. ಅವನನ್ನೂ ಅವಳು ಬಿಟ್ಟುಕೊಡುವವಳಲ್ಲ. ನಮ್ಮ ಬೀದಿಗಳಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ.

ಆ ಕಂತಿನಲ್ಲಿ ಅವಳ ಗಂಡ ಜಿಮ್ ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಲ್ಲಿದ್ದಾನೆ. ಅವನಿಗೆ ಕೇಳಿಸಲೆಂದು ಅವಳು ಕ್ಯಾಸೆಟ್ಟಿಗೆ ಮಾತು ತುಂಬುತ್ತಾಳೆ. ಬಾಲ್ಯ ನೆನೆಯುತ್ತಾಳೆ, ಏನೇನೋ ಹೇಳುತ್ತಾಳೆ, ಹೇಳಬೇಕಾದ್ದರ ಸುತ್ತಲೇ ತಿರುಗುತ್ತಾಳೆ. ಮನೆಗೆ ಕರೆತಂದರೆ ತನ್ನಿಂದ ನೋಡಿಕೊಳ್ಳಲಾದೀತೇ ಎಂಬ ಭಯ ಅದು. ಜಿಮ್ ಪಾತ್ರದ ನಟ ಜಾನ್ ಬಾರ್ಡನ್‌ಗೆ 2007ರಲ್ಲಿ ನಿಜಕ್ಕೂ ಪಾರ್ಶ್ವವಾಯು ಹೊಡೆದಿತ್ತು. ಜೂನ್ ಅವರ ಸ್ವಂತ ಪತಿ, ನಟ ರಾಬರ್ಟ್ ಆರ್ನಾಲ್ಡ್, ಮರೆವಿನ ಕಾಯಿಲೆಯಿಂದ ನರಳಿ 2003ರಲ್ಲಿ ತೀರಿಕೊಂಡಿದ್ದರು.

ನಮ್ಮಜ್ಜನಿಗೆ ಮಾತು ನಿಂತುಹೋದ ಮೇಲೆ ಅಜ್ಜಿ ಅವರ ಮಂಚದ ಪಕ್ಕ ಕೂತು ಹುರುಳಿಕಾಯಿ ಬಿಡಿಸುತ್ತಾ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಹಾಲಿನ ಲೆಕ್ಕ, ಪಕ್ಕದ ಮನೆ ಮದುವೆ, ಮಳೆ. ಒಂದು ಮಧ್ಯಾಹ್ನ ಅದೇ ದನಿಯಲ್ಲಿ, ತಲೆ ಎತ್ತದೆ, “ನಂಗೆ ಸುಸ್ತಾಗದೆ ಕಣ್ರೀ” ಅಂದರು. ಮತ್ತೆ ಹಾಲಿನ ಲೆಕ್ಕಕ್ಕೆ ಮರಳಿದರು. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದಾಗ ಮಾತ್ರ ಆಡಬಹುದಾದ ಮಾತು ಅದು. ಡಾಟ್ ಮುಂದೆ ಕ್ಯಾಸೆಟ್ ತಿರುಗುವಾಗ ನಾನು ಕಂಡದ್ದು ಅದನ್ನೇ.

ಏಕವ್ಯಕ್ತಿ ನಾಟಕದಲ್ಲಿ ನಟಿ ಒಂದೂವರೆ ಗಂಟೆಯೊಳಗೆ ಒಂದಿಡೀ ಬಾಳನ್ನು ಕಟ್ಟಿಕೊಡಬೇಕು. ಜೂನ್‌ಗೆ ಆ ಅವಸರವಿರಲಿಲ್ಲ. ನೋಡುವವರು ಇಪ್ಪತ್ತು ವರ್ಷಗಳಿಂದ ಅವಳ ಮನೆಯೊಳಗೇ ಇದ್ದರು. ಅವಳು ಸುಮ್ಮನಾದರೂ ಏನು ನೆನೆಯುತ್ತಿದ್ದಾಳೆಂದು ಅವರಿಗೆ ಗೊತ್ತಿತ್ತು. ಧಾರಾವಾಹಿಯ ನಟಿ ಪ್ರೇಕ್ಷಕರ ಜೊತೆಗೇ ಮುದುಕಿಯಾಗುತ್ತಾಳೆ. ರಂಗಭೂಮಿಯನ್ನು ಎಷ್ಟೇ ಪ್ರೀತಿಸಿದರೂ, ಈ ಭಾಗ್ಯ ಅಲ್ಲಿಲ್ಲ ಎನ್ನಲೇಬೇಕು.

ಆ ಅರ್ಧ ಗಂಟೆಗಾಗಿ 2009ರಲ್ಲಿ ಬಾಫ್ಟಾದ ಅತ್ಯುತ್ತಮ ನಟಿ ಪ್ರಶಸ್ತಿಗೆ ಅವರ ಹೆಸರು ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. 2022ರ ಏಪ್ರಿಲ್‌ನಲ್ಲಿ, 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅದೇ ಡಿಸೆಂಬರಿನಲ್ಲಿ ಧಾರಾವಾಹಿ ಡಾಟ್‌ಳ ಅಂತ್ಯಕ್ರಿಯೆ ನಡೆಸಿತು. ಎಂದೋ ಊರು ಬಿಟ್ಟುಹೋಗಿದ್ದ ಹಳೆಯ ಪಾತ್ರಗಳು ಮಣ್ಣಿಗೆ ಬಂದಿದ್ದವು.