ಕೊಡಗಿನ ಮನೆಗೆ ಬಂದ ಅತಿಥಿ

ಕೊಡಗಿಗೆ ಕಡಲಿಲ್ಲ. ರಜೆ ಬಂದೊಡನೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಮಂಗಳೂರಿಗೋ ಕಾರವಾರಕ್ಕೋ ಹೊರಟು, ಮರಳದಂಡೆಯ ಮೇಲೆ ಸಂಜೆಯನ್ನು ಕಳೆದು ಬರುವ ಪಟ್ಟಣದ ಸಂಸಾರಗಳಿಗೆ ಇಲ್ಲಿ ಅಲೆಗಳ ಮೊರೆತ ಕೇಳಿಸದು. ಆದರೆ ಕಡಲಿಗೆ ನೀರು ಹೋಗುವುದು ಇಂಥ ನಾಡುಗಳಿಂದಲೇ. ನೇತ್ರಾವತಿಯನ್ನು ಕೂಡಿ ಮಂಗಳೂರಿನ ಕಡಲಿಗಿಳಿಯುವ ಕುಮಾರಧಾರೆ, ಕಾಸರಗೋಡಿನ ಕಡೆಗೆ ಹರಿಯುವ ಪಯಸ್ವಿನಿ, ಕೇರಳದ ವಳಪಟ್ಟಣ ಹೊಳೆಯನ್ನು ಸೇರುವ ಬಾರಾಪೊಳೆ, ಇವೆಲ್ಲ ಕೊಡಗಿನ ಬೆಟ್ಟಗಳ ಮಕ್ಕಳು. ಹಿರಿಯ ಮಗಳಾದ ಕಾವೇರಿ ಮಾತ್ರ ಪೂರ್ವಕ್ಕೆ ಮುಖಮಾಡಿ, ಸುಮಾರು 800 ಕಿಲೋಮೀಟರು ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಒಂದೇ ಬೆಟ್ಟಸಾಲಿನ ಮೇಲೆ ಸುರಿದ ಮಳೆ, ಅರ್ಧ ಒಂದು ಕಡಲಿಗೆ, ಅರ್ಧ ಇನ್ನೊಂದು ಕಡಲಿಗೆ. ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳಿನ ನೆತ್ತಿಯನ್ನೇರಿದವರಿಗೆ, ಮುಗಿಲಿಲ್ಲದ ದಿನ, ಪಶ್ಚಿಮದ ಕಡಲಂಚು ಬೆಳ್ಳಿಯ ಗೆರೆಯಂತೆ ತೋರುತ್ತದೆಂದು ಹೇಳುವುದುಂಟು.

ಇಂಥ ನಾಡನ್ನು ನೋಡಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ನೋಡತಕ್ಕ ಸ್ಥಳಗಳ ಪಟ್ಟಿಗಳಿಗೂ ಕೊರತೆಯಿಲ್ಲ. ಪಟ್ಟಿಯನ್ನು ಕೈಯಲ್ಲಿ ಹಿಡಿದು, ಬೆಳಗಿನಿಂದ ಸಂಜೆಯವರೆಗೆ ಓಡಿ, ಒಂದೊಂದರ ಮುಂದೆಯೂ ಚಿತ್ರ ತೆಗೆಸಿಕೊಂಡು ಹಿಂದಿರುಗುವವರೇ ಬಹುಮಂದಿ. ಅವರು ಎಲ್ಲವನ್ನೂ ಕಂಡಿರುತ್ತಾರೆ. ಕೊಡಗನ್ನು ಮಾತ್ರ ಕಂಡಿರುವುದಿಲ್ಲ. ಏಕೆಂದರೆ ಕೊಡಗಿನಲ್ಲಿ ಬರಿಯ ನೋಟ ಎಂಬುದು ಇಲ್ಲ. ಕಣ್ಣಿಗೆ ಬೀಳುವ ಪ್ರತಿಯೊಂದು ಹಸುರೂ ಒಂದು ಮನೆಯ ಅಂಗಳ, ಒಂದು ಕುಟುಂಬದ ಗದ್ದೆ, ಒಂದು ದೇವರ ಕಾಡು.

ಮಂಜಿನ ಊರು

ಜಿಲ್ಲೆಗೆ ಇಂದಿಗೂ ರೈಲುದಾರಿಯಿಲ್ಲ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಬರುವ ಬಸ್ಸು ಮೊದಲು ಬೈಲುಕುಪ್ಪೆಯನ್ನು ದಾಟುತ್ತದೆ. 1961ರಲ್ಲಿ ನೆಲೆಯಿಲ್ಲದೆ ಬಂದ ಟಿಬೆಟ್ಟಿನ ಜನರಿಗೆ ಮೈಸೂರು ರಾಜ್ಯ ಕೊಟ್ಟ ಕಾಡುನೆಲದಲ್ಲಿ ಇಂದು ಜೋಳದ ಹೊಲಗಳೂ ಚಿನ್ನದ ಬಣ್ಣದ ಬುದ್ಧಮೂರ್ತಿಗಳ ದೇವಾಲಯವೂ ಎದ್ದಿವೆ. ಅತಿಥಿಗಳಾಗಿ ಬಂದವರು ಮನೆಯವರಾದ ಬಗೆಯನ್ನು ಅಲ್ಲಿ ಕಾಣಬಹುದು. ಬಿಸಿಬಿಸಿಯಾದ ತುಕ್ಪಾ ಸಾರನ್ನೂ ಅಲ್ಲಿಯೇ ಸವಿಯಬಹುದು. ಮುಂದೆ ಕಾವೇರಿಯ ಸೇತುವೆ. ಅದರಾಚೆ ಕುಶಾಲನಗರ, ಕೊಡಗಿನ ಹೆಬ್ಬಾಗಿಲು. ಅಲ್ಲಿಂದ ಸುಂಟಿಕೊಪ್ಪದ ಮಾರ್ಗವಾಗಿ ದಾರಿ ಬಳುಕುತ್ತ ಏರುತ್ತದೆ. ಕಿಟಕಿಯ ಗಾಳಿ ತಣ್ಣಗಾಗುತ್ತದೆ. ಕಿತ್ತಳೆ, ಕಾಫಿ, ಮೆಣಸಿನ ಬಳ್ಳಿಗಳ ನೆರಳು ರಸ್ತೆಯನ್ನು ಮುಚ್ಚುತ್ತದೆ.

ಮಡಿಕೇರಿಯನ್ನು 1681ರಲ್ಲಿ ಹಾಲೇರಿ ವಂಶದ ಮುದ್ದುರಾಜನು ಕಟ್ಟಿದನು. ಮುದ್ದುರಾಜನ ಕೇರಿಯೇ ಜನರ ಬಾಯಲ್ಲಿ ಸವೆದು ಮಡಿಕೇರಿಯಾಯಿತು. ಆಂಗ್ಲರ ನಾಲಗೆಗೆ ಅದೂ ಒಗ್ಗದೆ ಮರ್ಕೆರಾ ಆಯಿತು. ರಾಜನು ಕಟ್ಟಿಸಿದ್ದ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನನು ಕಲ್ಲಿನಲ್ಲಿ ಎತ್ತಿಸಿ ಜಾಫರಾಬಾದ್ ಎಂದು ಹೆಸರಿಟ್ಟನು. ಕೋಟೆ ಮತ್ತೆ ಹಾಲೇರಿ ಅರಸರ ಕೈಸೇರಿತು. ಒಳಗಿನ ಅರಮನೆ ಲಿಂಗರಾಜೇಂದ್ರನ ಕಾಲದ್ದು. ಅಂಗಳದ ಮೂಲೆಯಲ್ಲಿ ಎರಡು ಗಾರೆಯ ಆನೆಗಳು ಇಂದಿಗೂ ಕಾವಲು ನಿಂತಿವೆ. ಅವನ್ನು ಕಂಡೊಡನೆ ಓಡಿಹೋಗದ ಮಗುವಿಲ್ಲ. ಬ್ರಿಟಿಷರು ಕಟ್ಟಿದ ಚರ್ಚು ಈಗ ವಸ್ತುಸಂಗ್ರಹಾಲಯವಾಗಿದೆ. ಒಂದೇ ಗೋಡೆಯ ಒಳಗೆ ಮೂರು ಆಳ್ವಿಕೆಗಳ ಗುರುತು.

ಓಂಕಾರೇಶ್ವರ ದೇವಾಲಯವನ್ನು ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದನು. ಮೇಲೆ ಮಸೀದಿಯಂಥ ಗುಮ್ಮಟ, ಮೂಲೆಗಳಲ್ಲಿ ಗೋಪುರಗಳು, ಒಳಗೆ ಶಿವಲಿಂಗ, ಎದುರಿಗೆ ಮಂಟಪವುಳ್ಳ ಕೊಳ. ಊರಿನ ಇನ್ನೊಂದು ದಿಬ್ಬದ ಮೇಲಿನ ಗದ್ದಿಗೆಯಲ್ಲಿ ದೊಡ್ಡ ವೀರರಾಜೇಂದ್ರನೂ ಲಿಂಗರಾಜೇಂದ್ರನೂ ಮಲಗಿರುವರು. ಕೊನೆಯ ಅರಸನಾದ ಚಿಕ್ಕ ವೀರರಾಜೇಂದ್ರನಿಗೆ ಆ ನೆಲವೂ ದೊರೆಯಲಿಲ್ಲ. 1834ರಲ್ಲಿ ರಾಜ್ಯವನ್ನು ಕಳೆದುಕೊಂಡ ಅವನು 1859ರಲ್ಲಿ ದೂರದ ಲಂಡನ್ನಿನಲ್ಲಿ ಕಣ್ಣುಮುಚ್ಚಿದನು. ಮಾಸ್ತಿಯವರ ಕಾದಂಬರಿಯನ್ನು ಓದಿದವರಿಗೆ ಈ ಗುಮ್ಮಟಗಳ ಮೌನ ಹೆಚ್ಚು ಕೇಳಿಸುತ್ತದೆ.

ಸಂಜೆಗೆ ಎಲ್ಲರ ಹೆಜ್ಜೆಯೂ ರಾಜಾಸೀಟಿನ ಕಡೆಗೆ. ಅರಸರು ಕುಳಿತು ಸೂರ್ಯಾಸ್ತವನ್ನು ನೋಡುತ್ತಿದ್ದರೆಂದು ಹೇಳುವ ಚಿಕ್ಕ ಮಂಟಪ, ಸುತ್ತ ಹೂದೋಟ, ಮುಂದೆ ಪಶ್ಚಿಮದ ಕಣಿವೆ. ಬೆಟ್ಟದ ಹಿಂದೆ ಬೆಟ್ಟ ನೀಲಿಯಾಗುತ್ತ, ಮಂಜು ಕೆಳಗಿನಿಂದ ಮೇಲೇರಿ ಗದ್ದೆಗಳನ್ನು ಒಂದೊಂದಾಗಿ ಮುಚ್ಚುತ್ತದೆ. ಆ ಹೊತ್ತಿನಲ್ಲಿ ಕಣಿವೆಯೊಳಗೆ ಅಲ್ಲೊಂದು ಇಲ್ಲೊಂದು ದೀಪ ಹೊತ್ತಿಕೊಳ್ಳುವುದನ್ನು ಗಮನಿಸಬೇಕು. ನೋಡುವವರಿಗೆ ಅದು ದೃಶ್ಯ. ದೀಪ ಹಚ್ಚಿದವರಿಗೆ ಅದು ಮನೆ.

ಸೈನ್ಯದ ಕಥೆಗಳಲ್ಲಿ ಆಸಕ್ತಿಯುಳ್ಳವರು ಸನ್ನಿಸೈಡ್ ಎಂಬ ಮನೆಯನ್ನು ಬಿಡಬಾರದು. ಜನರಲ್ ತಿಮ್ಮಯ್ಯನವರ ಆ ಮನೆ 2021ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ದಸರೆಯಲ್ಲಿ ಬರುವವರಿಗೆ ಮಡಿಕೇರಿ ರಾತ್ರಿಯೆಲ್ಲ ಎಚ್ಚರವಾಗಿರುತ್ತದೆ: ನಾಲ್ಕು ಮಾರಿಯಮ್ಮನ ಗುಡಿಗಳ ಕರಗಗಳು, ವಿಜಯದಶಮಿಯ ಇರುಳು ಬೀದಿಗಿಳಿಯುವ ಹತ್ತು ಮಂಟಪಗಳು.

ನೀರಿನ ದಂಡೆಗಳು

ಮರಳದಂಡೆಯಿಲ್ಲದ ನಾಡಿನಲ್ಲಿ ಮಕ್ಕಳು ಕಾಲು ನೆನೆಸುವುದು ಹೊಳೆಯಂಚಿನಲ್ಲಿ. ಮಡಿಕೇರಿಗೆ ಹತ್ತಿರದ ಅಬ್ಬಿಗೆ ಕಾಫಿತೋಟದ ನಡುವಿನ ಮೆಟ್ಟಿಲುಗಳನ್ನಿಳಿದು ಹೋಗಬೇಕು. ಅಬ್ಬಿ ಎಂದರೇ ಜಲಪಾತ. ಅದನ್ನು ಅಬ್ಬಿ ಜಲಪಾತ ಎನ್ನುವುದು ನಡುಸೆಂಟರು ಎಂದಂತೆ. ಕುಶಾಲನಗರದ ಬಳಿ ಕಾವೇರಿ ಸುತ್ತುವರಿದ ನಿಸರ್ಗಧಾಮದ ದ್ವೀಪದಲ್ಲಿ ಬಿದಿರ ಮೆಳೆಗಳು ತೂಗುತ್ತವೆ. ದುಬಾರೆಯಲ್ಲಿ ಅರಣ್ಯ ಇಲಾಖೆಯ ಆನೆಗಳ ಬಿಡಾರವಿದೆ. ಮೈಸೂರಿನ ದಸರೆಯಲ್ಲಿ ನಡೆಯುವ ಆನೆಗಳಲ್ಲಿ ಕೆಲವು ಇಲ್ಲಿಯ ನಿವಾಸಿಗಳು. ದಕ್ಷಿಣದ ಇರ್ಪುವಿನಲ್ಲಿ ಬ್ರಹ್ಮಗಿರಿಯ ಬಂಡೆಗಳಿಂದ ಲಕ್ಷ್ಮಣತೀರ್ಥ ಧುಮುಕುತ್ತದೆ. ಸೀತೆಯನ್ನು ಅರಸಿ ಬಂದ ಅಣ್ಣನಿಗೆ ಬಾಯಾರಿದಾಗ ಲಕ್ಷ್ಮಣನು ಬಾಣ ಬಿಟ್ಟು ಚಿಮ್ಮಿಸಿದ ನೀರೆಂದು ಪ್ರತೀತಿ.

ಈ ನೀರಿಗೆ ಒಲವೂ ಉಂಟು, ಮುನಿಸೂ ಉಂಟು. ಕನ್ನಡದ ಮೊದಲ ಕತೆಗಾರ್ತಿಯರಲ್ಲಿ ಒಬ್ಬರಾದ ಕೊಡಗಿನ ಗೌರಮ್ಮನವರು 1939ರ ಏಪ್ರಿಲಿನಲ್ಲಿ, 27ನೆಯ ವಯಸ್ಸಿನಲ್ಲಿ, ಸುಂಟಿಕೊಪ್ಪದ ಸೀಮೆಯ ಹೊಳೆಯಲ್ಲಿ ಮುಳುಗಿ ಅಗಲಿದರು. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ಮೈಮೇಲಿನ ಆಭರಣಗಳನ್ನು ಹರಿಜನ ನಿಧಿಗೆ ಒಪ್ಪಿಸಿದ ದಿಟ್ಟೆ ಅವರು. ಆ ಹೊಳೆಯೊಡನೆ ಬಾಳಿದವರನ್ನೇ ಅದು ಬಿಡಲಿಲ್ಲ; ಒಂದು ದಿನಕ್ಕೆಂದು ಬಂದವರು ಎಷ್ಟು ಎಚ್ಚರದಿಂದಿದ್ದರೂ ಸಾಲದು. ಕಾವಲುಗಾರನು ಬೇಡವೆಂದ ಕಡೆ ನೀರಿಗಿಳಿಯದಿರುವುದೇ ಜಾಣತನ.

ಎಲ್ಲ ನೀರುಗಳ ತಾಯಿ ಇರುವುದು ತಲಕಾವೇರಿಯಲ್ಲಿ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆಯರು ಗುಪ್ತಗಾಮಿನಿ ಸುಜ್ಯೋತಿಯೊಡನೆ ಕೂಡುವ ಸಂಗಮದಲ್ಲಿ ಮಿಂದು, ಜನರು ಬ್ರಹ್ಮಗಿರಿಯ ಮಡಿಲಿಗೆ ಏರುತ್ತಾರೆ. ಅಲ್ಲಿರುವುದು ಒಂದು ಪುಟ್ಟ ಕುಂಡಿಕೆ. ಅಕ್ಟೋಬರಿನ ನಡುವೆ, ತುಲಾ ಸಂಕ್ರಮಣದ ಗಳಿಗೆಯಲ್ಲಿ ಅದರಿಂದ ತೀರ್ಥ ಉಕ್ಕುವುದೆಂದು ಸಹಸ್ರಾರು ಕಣ್ಣುಗಳು ಕಾದು ನಿಲ್ಲುತ್ತವೆ. ಒಯ್ದ ತೀರ್ಥವನ್ನು ಮನೆಮನೆಯಲ್ಲಿ ಕಾದಿಡುವರು. ಕೊಡವತಿಯರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಉಡುವುದಕ್ಕೂ ಕಾವೇರಿಯೇ ಕಾರಣ: ತಡೆಯಲು ನಿಂತ ಹೆಣ್ಣುಮಕ್ಕಳ ನೆರಿಗೆಗಳನ್ನು ಅವಳ ರಭಸ ಹಿಂದಕ್ಕೆ ತಳ್ಳಿತೆಂದು ಬಲಮುರಿಯ ಕಥೆ. ತಲಕಾವೇರಿ ವಿಹಾರಸ್ಥಾನವಲ್ಲ. ಅಲ್ಲಿ ಎತ್ತರದ ದನಿಯಲ್ಲಿ ಹಾಡು ಹಾಕುವವನು ಪರರ ದೇವರಮನೆಯಲ್ಲಿ ಕಾಲುಚಾಚಿ ಮಲಗಿದವನಂತೆ.

ಎಲೆಯ ಮೇಲೆ ಬಂದದ್ದು

ನಾಡಿನ ಮನಸ್ಸು ಅದರ ಅಡುಗೆಮನೆಯಲ್ಲಿ ತಿಳಿಯುತ್ತದೆ. ಮಡಿಕೇರಿಯ ಬಸ್‌ನಿಲ್ದಾಣದ ಬಳಿ ಇಡ್ಲಿ, ದೋಸೆ ಎಲ್ಲಿಯಂತೆಯೂ ದೊರೆಯುತ್ತವೆ. ಆದರೆ ಕೊಡಗಿಗೆ ಬಂದು ಅಕ್ಕಿಯ ಪುಟ್ಟುಗಳನ್ನು ತಿನ್ನದೆ ಹೋಗುವುದು ಉಡುಪಿಗೆ ಹೋಗಿ ಕೃಷ್ಣನನ್ನು ನೋಡದೆ ಬಂದಂತೆ. ಅಕ್ಕಿತರಿಯನ್ನು ಬೇಯಿಸಿ ಉಂಡೆಕಟ್ಟಿ ಹಬೆಯಲ್ಲಿಟ್ಟರೆ ಕಡುಂಬುಟ್ಟು. ಒರಳಿನಲ್ಲಿ ಎಳೆಎಳೆಯಾಗಿ ಒತ್ತಿದರೆ ನೂಪುಟ್ಟು. ತರಿಗೆ ಹಾಲೂ ತೆಂಗಿನತುರಿಯೂ ಸೇರಿ ತಟ್ಟೆಯಲ್ಲಿ ಬೆಂದರೆ ಪಾಪುಟ್ಟು. ಅನ್ನವನ್ನೂ ಅಕ್ಕಿಹಿಟ್ಟನ್ನೂ ನಾದಿ ಸುಟ್ಟರೆ ಅಕ್ಕಿ ಒಟ್ಟಿ. ಮಾಂಸ ತಿನ್ನುವವರಿಗೆ ಕಡುಂಬುಟ್ಟಿನ ಜೊತೆಗೆ ಪಂದಿ ಕರಿ, ನೂಪುಟ್ಟಿನ ಜೊತೆಗೆ ಕೋಳಿ ಕರಿ. ಪಂದಿ ಕರಿಯ ಕಪ್ಪುಬಣ್ಣಕ್ಕೂ ಹುಳಿಗೂ ಕಾರಣ ಕಾಚಂಪುಳಿ: ಮಳೆಗಾಲದಲ್ಲಿ ಉದುರಿದ ಹಣ್ಣುಗಳನ್ನು ಆಯ್ದು, ಬುಟ್ಟಿಯಲ್ಲಿ ತೊಟ್ಟಿಕ್ಕಿದ ರಸವನ್ನು ಕಾಕಂಬಿಯಂತೆ ಗಟ್ಟಿಯಾಗುವ ತನಕ ಕುದಿಸಿ ಸೀಸೆಯಲ್ಲಿ ತುಂಬುತ್ತಾರೆ. ಅದು ವರ್ಷಗಟ್ಟಲೆ ಕೆಡದು.

ಸಸ್ಯಾಹಾರಿಗಳು ಹಸಿದು ಮರಳಬೇಕಾಗಿಲ್ಲ. ಒಟ್ಟಿಯೊಡನೆ ಕುಂಬಳದ ಪಲ್ಯ, ಮಳೆಗಾಲದ ಅಣಬೆಯ ಸಾರು, ನೀರಿನಲ್ಲಿ ನೆನೆಹಾಕಿ ನಂಜು ತೆಗೆದ ಕಳಲೆಯ ಪಲ್ಯ, ಹಲಸು, ಕೆಸು ಇವೆಲ್ಲ ಇವೆ. ಆಗಸ್ಟ್ 3ರಂದು, ಕಕ್ಕಡ ಮಾಸದ ಹದಿನೆಂಟನೆಯ ದಿನ, ಮದ್ದುಸೊಪ್ಪಿನ ಕಡುನೇರಳೆ ರಸದಲ್ಲಿ ಪಾಯಸ ಮಾಡುವರು. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಕೂಡಿರುವುದೆಂಬ ನಂಬಿಕೆ. ಊಟವಾದ ಮೇಲೆ ಬೆಲ್ಲದ ಕಪ್ಪು ಕಾಪಿ. ಮಾರ್ಚಿ ಏಪ್ರಿಲಿನಲ್ಲಿ ಮೊದಲ ಮಳೆ ಬಿದ್ದು ಕೆಲವು ದಿನಗಳಿಗೆ ತೋಟವೆಲ್ಲ ಮಲ್ಲಿಗೆಯಂತೆ ಅರಳಿ, ಚಳಿಗಾಲದಲ್ಲಿ ಕೆಂಪಾಗಿ, ಕಣದಲ್ಲಿ ಒಣಗಿ ಬಂದ ಬೀಜವದು. ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಒಂದೇ ಜಿಲ್ಲೆಯದು. ಒಂದು ಲೋಟ ಕಾಪಿಯ ಹಿಂದೆ ವರ್ಷವಿಡೀ ದುಡಿದ ತೋಟದ ಕೈಗಳಿವೆಯೆಂಬುದು ಮಕ್ಕಳಿಗೆ ಇಲ್ಲಿ ಪಾಠವಿಲ್ಲದೆ ತಿಳಿಯುತ್ತದೆ.

ಐಮರದ ಮೇಲೆ ಕುಳಿತು

ಹೋಟೆಲುಗಳಿಗಿಂತ ಮನೆಯಲ್ಲಿಯೇ ಅತಿಥಿಗಳನ್ನು ಇಳಿಸಿಕೊಳ್ಳುವ ಪದ್ಧತಿ ಈಚಿನ ದಶಕಗಳಲ್ಲಿ ಕೊಡಗಿನಲ್ಲಿ ಬಹಳವಾಗಿ ಬೆಳೆದಿದೆ. ಬೆಲೆ ಕುಸಿದ ವರ್ಷಗಳಲ್ಲಿ ಎಷ್ಟೋ ಬೆಳೆಗಾರರಿಗೆ ಅದು ಆಸರೆಯಾಯಿತು. ಅದೃಷ್ಟವಿದ್ದವರಿಗೆ ಐನ್‌ಮನೆಯೊಂದನ್ನು ನೋಡುವ ಅವಕಾಶವೂ ಸಿಕ್ಕೀತು. ಒಂದು ಒಕ್ಕದ, ಎಂದರೆ ಒಂದು ಮನೆತನದ, ಮೂಲಮನೆ ಅದು. ಮುಂದೆ ಗದ್ದೆ, ಹಿಂದೆ ತೋಟ. ಜಗಲಿಯ ಕಂಬಗಳ ನಡುವೆ ಕುಳಿತುಕೊಳ್ಳಲು ಐಮರವೆಂಬ ದಪ್ಪ ಹಲಗೆ. ಒಳಗೆ ಆರದ ದೀಪ. ಪಕ್ಕದಲ್ಲಿ ಹಿರಿಯರ ಕೈಮಡ. ಚದುರಿಹೋದ ಕುಟುಂಬದವರು ಪುತ್ತರಿಯಂದು ಹೊಸ ತೆನೆ ತರಲು ಇಲ್ಲಿಗೆ ಬಂದು ಸೇರುವರು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ತೊಡಗಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಕ್ಕಗಳ ತಂಡಗಳೇ ಎದುರುಬದುರು ಆಡುತ್ತವೆ. ಏಪ್ರಿಲಿನ ಬಿಸಿಲಿನಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಕೋಲು ಹಿಡಿಯುವುದುಂಟು.

ಆದರೆ ಮನೆಯ ಗೋಡೆಗೂ ತಾಳಿಕೆಯ ಮಿತಿಯುಂಟು. 2018ರ ಆಗಸ್ಟಿನ ಮಳೆಗೆ ಮಕ್ಕಂದೂರು, ಕಾಲೂರು, ಜೋಡುಪಾಲದ ಸುತ್ತ ಬೆಟ್ಟಗಳು ಜಾರಿದುವು. ತೋಟಗಳು ಗದ್ದೆಗಿಳಿದುವು, ಮನೆಗಳು ಮಣ್ಣಾದುವು, ಮಂಗಳೂರಿನ ಹೆದ್ದಾರಿ ತಿಂಗಳುಗಟ್ಟಲೆ ಮುಚ್ಚಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಪಕ್ಕದ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ನುಂಗಿತು. ಅತಿವೃಷ್ಟಿ ದೈವದ್ದು ಎಂದರೂ, ಕಡಿದಾದ ಇಳಿಜಾರನ್ನು ಕೊರೆದು ಕಟ್ಟಡ ಎಬ್ಬಿಸುವುದು, ನೀರು ಹಿಡಿಯುವ ಗದ್ದೆಯನ್ನು ತುಂಬುವುದು ಮನುಷ್ಯನ ಕೆಲಸ. ಬರುವವರು ಹೆಚ್ಚಿದಷ್ಟೂ ಬೆಟ್ಟವನ್ನು ಕೊರೆಯುವ ಆಸೆಯೂ ಹೆಚ್ಚುವುದು. ವಾರದ ಕೊನೆಯ ದಿನ ಮಡಿಕೇರಿಯ ಇಕ್ಕಟ್ಟಾದ ಬೀದಿಯಲ್ಲಿ ಸಿಕ್ಕಿಬಿದ್ದ ಕಾರುಗಳ ಸಾಲನ್ನೂ, ಹೊಳೆಯಂಚಿನ ಪ್ಲಾಸ್ಟಿಕ್ ರಾಶಿಯನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಹೋಗಬಾರದೆಂದಲ್ಲ. ಅತಿಥಿ ಬಾರದ ಮನೆಯೂ ಬೆಳಗುವುದಿಲ್ಲ. ಹತ್ತು ಸ್ಥಳಗಳನ್ನು ಒಂದೇ ದಿನ ಬೆನ್ನಟ್ಟುವ ಬದಲು ಒಂದು ಹಳ್ಳಿಯಲ್ಲಿ ಎರಡು ರಾತ್ರಿ ತಂಗುವುದು; ಮೆಣಸು, ಏಲಕ್ಕಿ, ಜೇನುಗಳನ್ನು ಬೆಳೆದವರಿಂದಲೇ ಕೊಳ್ಳುವುದು; ತಂದ ಕಸವನ್ನು ತಾವೇ ಹಿಂದಕ್ಕೆ ಒಯ್ಯುವುದು; ಭಾರೀ ಮಳೆಯ ದಿನಗಳಲ್ಲಿ ಆ ನಾಡನ್ನು ಅದರ ಪಾಡಿಗೆ ಬಿಡುವುದು. ಅತಿಥಿಧರ್ಮಕ್ಕೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಹಾಗೆ ಹೋದ ಸಂಸಾರವೊಂದು ಮೂರನೆಯ ಬೆಳಿಗ್ಗೆ ಐಮರದ ಮೇಲೆ ಕುಳಿತು, ಬೆಲ್ಲದ ಕಾಪಿಯ ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು, ಗದ್ದೆಯ ಮೇಲಿನ ಮಂಜು ಕರಗುವುದನ್ನು ನೋಡುತ್ತಿರಲಿ. ಅಂಗಳದ ಅಂಚಿನಲ್ಲಿ ಒಂದು ತೊರೆ ಹರಿಯುತ್ತಿರುತ್ತದೆ. ಅದು ಯಾವ ಕಡಲಿಗೆ ಹೋಗುವುದೆಂದು ಮಗು ಕೇಳೀತು. ಮನೆಯ ಹಿರಿಯಳು ಕೈತೋರಿಸಿ ಉತ್ತರ ಹೇಳುವಳು. ಆ ಹೊತ್ತಿಗೆ ಆ ಸಂಸಾರ ಕೊಡಗನ್ನು ನೋಡಿತೆಂದು ತಿಳಿಯಬಹುದು.